ಒಂದು ಫೈಲ್ ತಡವಾದರೆ ಪುಟಕ್ಕೆ ಏನಾಗುತ್ತದೆ?

ವೆಬ್ ಕೆಲಸ ಮಾಡುವ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಮಾವ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಅಡಿಕೆ ಬೆಳೆಯುತ್ತಾರೆ. ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಅಂಗಳ ದಾಟಿ ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ನಿಂತರೆ ಒಂದೋ ಎರಡೋ ಕಡ್ಡಿ ಕಾಣುತ್ತದೆ. ದಿನಾ ಸಂಜೆ ಅಲ್ಲಿ ನಿಂತು ಆ ದಿನದ ಧಾರಣೆ ನೋಡುತ್ತಾರೆ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು. ನಾಲ್ಕೈದು ಸಾಲು, ಅಷ್ಟೇ. ಅವರು ನೋಡುವ ಆ ಪುಟವನ್ನು ನಾನೂ ನನ್ನ ಇಬ್ಬರು ಗೆಳೆಯರೂ ಸೇರಿ ನಡೆಸುತ್ತೇವೆ.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಒಂದು ಸಂಜೆ ಅವರ ಪಕ್ಕ ನಿಂತಿದ್ದೆ. ಪುಟ ತೆರೆದರು. ಪರದೆ ಬೆಳ್ಳಗಾಯಿತು. ಹಾಗೇ ಇತ್ತು. ಮಾವ ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಸ್ವಲ್ಪ ಎತ್ತಿ ಹಿಡಿದು, ಸುಮ್ನೆ ಕಾಯುತ್ತಾ ನಿಂತರು. "ನಮ್ಮಲ್ಲಿ ನೆಟ್‌ವರ್ಕ್ ಹೀಗೇ, ಸ್ವಲ್ಪ ತಡಿ" ಅಂದರು. ತಪ್ಪು ತಮ್ಮ ಊರಿನದ್ದು ಅಂತಲೇ ಅವರು ನಂಬಿದ್ದರು. ನನಗೆ ಆ ಮಾತು ಬಹಳ ಚುಚ್ಚಿತು.

ಮಾರನೇ ದಿನ ಲ್ಯಾಪ್‌ಟಾಪ್ ತಂದು ಅದೇ ದಿಬ್ಬದ ಮೇಲೆ ಕೂತೆ. ಮಾವನ ಫೋನನ್ನು ಕೇಬಲ್ ಹಾಕಿ ಜೋಡಿಸಿ, ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ, ಅಂದರೆ ಪುಟದ ಒಳಗೆ ಏನು ನಡೆಯುತ್ತಿದೆ ಅಂತ ತೋರಿಸುವ ಸಲಕರಣೆಯಲ್ಲಿ, ನೆಟ್‌ವರ್ಕ್ ಪಟ್ಟಿ ತೆರೆದೆ. ಕಂಡದ್ದು ಇದು: ಧಾರಣೆಯ ಕೋಷ್ಟಕ ಇರುವ ಎಚ್‌ಟಿಎಂಎಲ್, ಅಂದರೆ ಪುಟದ ಮೂಲ ಫೈಲ್, ಒಂದೆರಡು ಸೆಕೆಂಡಿನಲ್ಲೇ ಬಂದಿತ್ತು. ಅಂದರೆ ಆ ದಿನದ ರೇಟು ಮಾವನ ಕೈಯಲ್ಲಿದ್ದ ಫೋನಿನೊಳಗೇ ಬಂದು ಕೂತಿತ್ತು. ಪರದೆಯ ಮೇಲೆ ಮಾತ್ರ ಬರಲಿಲ್ಲ. ಬ್ರೌಸರ್ ಇನ್ನೊಂದು ಫೈಲಿಗಾಗಿ ಕಾಯುತ್ತಿತ್ತು. ಪುಟಕ್ಕೆ ಎಷ್ಟು ಜನ ಬಂದರು ಅಂತ ಎಣಿಸುವ, ಬೇರೆ ಯಾರದೋ ಸರ್ವರ್‌ನಿಂದ ಬರಬೇಕಿದ್ದ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಬ್ರೌಸರ್ ಓಡಿಸುವ ಪುಟ್ಟ ಪ್ರೋಗ್ರಾಂ, ಅದು. ಮಾವನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅದನ್ನು ಹಾಕಿದ್ದು ನಾವು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದರ ಬಗ್ಗೆಯೇ. ಪುಟ ಎಷ್ಟು ವೇಗವಾಗಿದೆ ಅಂತ ಅಳೆಯುವುದು ಒಂದು ಕೆಲಸ. ಯಾವ ಫೈಲ್ ತಡವಾದರೆ ಪುಟ ನಿಂತುಬಿಡುತ್ತದೆ ಅಂತ ಹುಡುಕುವುದು ಬೇರೆ ಕೆಲಸ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮಾಡುವವರು ಕಡಿಮೆ.

ನಾವೂ ಅಳತೆ ಮಾಡಿಯೇ ಇದ್ದೆವು. ಪುಟದ ವೇಗಕ್ಕೆ ಅಂಕ ಕೊಡುವ ಗೂಗಲ್‌ನ ಲೈಟ್‌ಹೌಸ್ ಓಡಿಸಿದ್ದೆವು, ಒಳ್ಳೆಯ ಅಂಕವೇ ಬಂದಿತ್ತು. ಹಾಗಾದರೆ ಇದು ಯಾಕೆ ಸಿಕ್ಕಿಬೀಳಲಿಲ್ಲ? ಮೊಬೈಲ್ ಪರೀಕ್ಷೆಗೆ ಲೈಟ್‌ಹೌಸ್ ಇಟ್ಟುಕೊಂಡಿರುವ ಲೆಕ್ಕ ನೋಡಿ: ಕೋರಿಕೆ ಹೋಗಿ ಉತ್ತರ ಬರಲು 150 ಮಿಲಿಸೆಕೆಂಡ್, ಇಳಿಕೆಯ ವೇಗ ಸೆಕೆಂಡಿಗೆ 1.6 ಮೆಗಾಬಿಟ್, ಪ್ರೊಸೆಸರ್ 4 ಪಟ್ಟು ನಿಧಾನ. ಅದೂ ಸಾಮಾನ್ಯವಾಗಿ ಪುಟವನ್ನು ನಿಜವಾಗಿ ನಿಧಾನ ಮಾಡುವುದಿಲ್ಲ. ಪೂರ್ತಿ ವೇಗದಲ್ಲಿ ತೆರೆದು, ಇಂಥ ನೆಟ್‌ವರ್ಕ್ ಆಗಿದ್ದರೆ ಇಷ್ಟು ಹೊತ್ತು ಆಗುತ್ತಿತ್ತು ಅಂತ ಲೆಕ್ಕ ಹಾಕುತ್ತದೆ. ಡೆವ್‌ಟೂಲ್ಸ್‌ನಲ್ಲಿ ನಾವು ಆರಿಸುವ ನಿಧಾನದ ನೆಟ್‌ವರ್ಕ್ ಕೂಡ ಪುಟದ ಎಲ್ಲ ಫೈಲನ್ನೂ ಒಂದೇ ಸಮ ನಿಧಾನ ಮಾಡುತ್ತದೆ. ಎಲ್ಲರೂ ಸಮವಾಗಿ ಕುಂಟುತ್ತಾರೆ, ಸಾಲು ಮುಂದೆ ಹೋಗುತ್ತದೆ. ನಿಜ ಜೀವನದಲ್ಲಿ ಹಾಗಲ್ಲ. ಹತ್ತರಲ್ಲಿ ಒಂಬತ್ತು ಫೈಲ್ ಬಂದಿರುತ್ತವೆ, ಒಂದು ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ.

ಮದುವೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಹಪ್ಪಳ ತಡವಾದರೆ ಯಾರೂ ಕೈ ಕಟ್ಟಿ ಕೂರುವುದಿಲ್ಲ. ಎಲೆ ತಡವಾದರೆ? ಅನ್ನ ಬೆಂದು, ಸಾರು ಕುದಿದು, ಬಡಿಸುವವರು ಸೌಟು ಹಿಡಿದು ನಿಂತಿದ್ದರೂ ಊಟ ಶುರುವಾಗುವುದಿಲ್ಲ. ನಮ್ಮ ಪುಟದಲ್ಲಿ ಯಾವುದು ಎಲೆ, ಯಾವುದು ಹಪ್ಪಳ? ಸುಮ್ನೆ ಕೋಡ್ ನೋಡಿ ಹೇಳಲು ಹೋದರೆ ತಪ್ಪುತ್ತೇವೆ. ನಾನು ತಪ್ಪಿದ್ದೇನೆ. ಒಂದೊಂದೇ ಫೈಲನ್ನು ಬೇಕಂತಲೇ ತಡ ಮಾಡಿ, ಪರದೆ ನೋಡುತ್ತಾ ಕೂತರೆ ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಸಲಕರಣೆ ಬೇಡ. ನೋಡ್ (Node.js) ಅಥವಾ ಪೈಥಾನ್‌ನಲ್ಲಿ ಹತ್ತು ಹದಿನೈದು ಸಾಲಿನ ಒಂದು ಸರ್ವರ್ ಸಾಕು. ಫೈಲಿನ ವಿಳಾಸದ ಕೊನೆಯಲ್ಲಿ 5 ಅಂತ ಬರೆದರೆ 5 ಸೆಕೆಂಡ್ ಹಿಡಿದಿಟ್ಟುಕೊಂಡು ಆಮೇಲೆ ಫೈಲ್ ಕೊಡಬೇಕು. ಅಷ್ಟೇ ಅದರ ಕೆಲಸ. ಬರೆಯುವಾಗ ಮೂರು ವಿಷಯ ನೋಡಿಕೊಳ್ಳಿ. ಪೈಥಾನ್‌ನ HTTPServer ಅನ್ನುವ ಸರಳ ಸರ್ವರ್ ಒಂದು ಸಲಕ್ಕೆ ಒಂದೇ ಕೋರಿಕೆ ನೋಡುತ್ತದೆ. ಅದರಲ್ಲಿ ಒಂದು ಫೈಲನ್ನು ಹಿಡಿದಿಟ್ಟರೆ ಹಿಂದಿರುವ ಎಲ್ಲವೂ ನಿಲ್ಲುತ್ತವೆ, ನೀವು ಬ್ರೌಸರ್ ಮೇಲೆ ತಪ್ಪು ಹೊರಿಸುತ್ತೀರಿ. ಥ್ರೆಡ್ ಇರುವ, ಅಂದರೆ ಹಲವು ಕೋರಿಕೆ ಒಟ್ಟಿಗೆ ನೋಡುವ, ಸರ್ವರ್ ಬಳಸಿ. ಎರಡನೆಯದು, ತಡ ಮಾಡುವ ಫೈಲನ್ನು ಬೇರೆ ಪೋರ್ಟ್‌ನಿಂದ, ಬ್ರೌಸರ್‌ಗೆ ಬೇರೆ ಸರ್ವರ್ ಅನ್ನಿಸುವ ಹಾಗೆ, ಕೊಡಿ. ಬ್ರೌಸರ್, ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಯ ಹಳೆಯ ಆವೃತ್ತಿಯಲ್ಲಿ ಬ್ರೌಸರ್ ಒಂದು ಸರ್ವರ್ ಜೊತೆ ಒಮ್ಮೆಗೆ 6 ಸಂಪರ್ಕ ಮಾತ್ರ ಇಟ್ಟುಕೊಳ್ಳುತ್ತದೆ. ನಿಂತ ಫೈಲುಗಳೇ ಆ ಜಾಗ ತುಂಬಿಬಿಟ್ಟರೆ ಲೆಕ್ಕ ಕೆಡುತ್ತದೆ. ಮೂರನೆಯದು, ಕ್ಯಾಶ್ ಮಾಡಬೇಡ, ಅಂದರೆ ಫೈಲನ್ನು ಕೂಡಿಟ್ಟುಕೊಳ್ಳಬೇಡ, ಅಂತ ಉತ್ತರದ ಜೊತೆ ಹೆಡರ್ ಕಳಿಸಿ. ಇಲ್ಲದಿದ್ದರೆ ಎರಡನೇ ಸಲ ಎಲ್ಲ ಚೆನ್ನಾಗಿ ಕಾಣುತ್ತದೆ, ನೀವು ಖುಷಿಯಾಗಿ ಎದ್ದು ಹೋಗುತ್ತೀರಿ.

ಈಗಾಗಲೇ ಇರುವ ಪುಟವನ್ನು ಮುಟ್ಟದೆ ಪರೀಕ್ಷಿಸಬೇಕಾದರೆ, ಬ್ರೌಸರನ್ನು ತಾನಾಗಿ ನಡೆಸುವ ಪ್ಲೇರೈಟ್ ಅನ್ನುವ ಸಲಕರಣೆ ಇದೆ. ಪುಟ ಕೇಳುವ ಫೈಲನ್ನು ದಾರಿಯಲ್ಲೇ ತಡೆದು, ಬೇಕಾದಷ್ಟು ಹೊತ್ತು ಹಿಡಿದು, ಆಮೇಲೆ ಬಿಡಬಹುದು. ಹಾಗೆ ತಡೆಯುವಾಗ ಬ್ರೌಸರ್‌ನ ಕ್ಯಾಶ್ ತಾನಾಗಿ ಬಂದ್ ಆಗುತ್ತದೆ, ಹಾಗಾಗಿ ಪ್ರತಿ ಸಲವೂ ಮೊದಲ ಸಲ ಬಂದವರ ಅನುಭವವೇ ಸಿಗುತ್ತದೆ. ಈ ಕೆಲಸಕ್ಕೆ ಅದೇ ಒಳ್ಳೆಯದು.

ಈಗ ನಮ್ಮ ಪುಟದ ಮೇಲೆ ಮಾಡಿದ ಪ್ರಯೋಗಗಳಿಗೆ ಬರೋಣ. ಪ್ರತಿಯೊಂದಕ್ಕೂ 5 ಸೆಕೆಂಡ್ ತಡ.

ಮೊದಲು ಸಿಎಸ್‌ಎಸ್, ಅಂದರೆ ಪುಟದ ಬಣ್ಣ, ಅಳತೆ ಹೇಳುವ ಫೈಲ್. ಎಚ್‌ಟಿಎಂಎಲ್‌ನ ತಲೆಭಾಗದಲ್ಲಿರುವ (head) ಸಿಎಸ್‌ಎಸ್ ಫೈಲನ್ನು ಹಿಡಿದಿಟ್ಟರೆ 5 ಸೆಕೆಂಡ್ ಪೂರ್ತಿ ಬಿಳಿ. ಇದು ನಿರೀಕ್ಷೆ ಮಾಡಿದ್ದೇ. ಬಣ್ಣ, ಅಳತೆ ಗೊತ್ತಿಲ್ಲದೆ ಪುಟ ಬರೆದರೆ ಆಮೇಲೆ ಎಲ್ಲ ಎಗರಾಡುತ್ತದೆ, ಅದಕ್ಕೇ ಬ್ರೌಸರ್ ಕಾಯುತ್ತದೆ. ನಮ್ಮ ಸಿಎಸ್‌ಎಸ್ ನಮ್ಮದೇ ಸರ್ವರ್‌ನಲ್ಲಿತ್ತು. ಎಚ್‌ಟಿಎಂಎಲ್ ಬಂದರೆ ಬಹುತೇಕ ಅದೂ ಬರುತ್ತದೆ. ಆದರೆ ತಲೆಭಾಗದಲ್ಲಿ ಇನ್ನೊಂದು ಸಿಎಸ್‌ಎಸ್ ಇತ್ತು, ಫಾಂಟ್‌ಗಾಗಿ ಬೇರೆ ಸರ್ವರ್‌ನಿಂದ ಬರುತ್ತಿದ್ದದ್ದು. ಅದನ್ನು ಹಿಡಿದಿಟ್ಟರೂ ಅದೇ ಬಿಳಿ ಪರದೆ. ಇಲ್ಲೊಂದು ಮಾತು ಗಮನಿಸಿ. ಫಾಂಟ್ ಬರುವ ತನಕ ಬೇರೆ ಅಕ್ಷರ ತೋರಿಸು, ಅಂದರೆ ಸ್ವಾಪ್, ಅಂತ ಬರೆದಿದ್ದೇವೆ ಎಂದು ತುಂಬಾ ಜನ ನೆಮ್ಮದಿಯಾಗಿರುತ್ತಾರೆ. ಆ ಸೂಚನೆ ಇರುವುದೇ ಆ ಸಿಎಸ್‌ಎಸ್ ಒಳಗೆ. ಸೂಚನೆಯೇ ಬರಲಿಲ್ಲ ಅಂದರೆ ಪಾಲಿಸುವುದು ಏನನ್ನು?

ಸಿಎಸ್‌ಎಸ್‌ನ ಇನ್ನೊಂದು ಗುಣ ನನಗೆ ಈ ಪ್ರಯೋಗ ಮಾಡುವ ತನಕ ಸರಿಯಾಗಿ ತಿಳಿದಿರಲಿಲ್ಲ. ಸಿಎಸ್‌ಎಸ್ ತಡವಾದರೆ ಬ್ರೌಸರ್ ಪರದೆ ಮೇಲೆ ಬರೆಯುವುದನ್ನು ನಿಲ್ಲಿಸುತ್ತದೆ, ಆದರೆ ಎಚ್‌ಟಿಎಂಎಲ್ ಓದುವುದನ್ನು ನಿಲ್ಲಿಸುವುದಿಲ್ಲ. ಆ ಸಿಎಸ್‌ಎಸ್ ಕೊಂಡಿಯ ಕೆಳಗೆ ಪುಟದಲ್ಲೇ ಬರೆದ ಎರಡು ಸಾಲಿನ ಸ್ಕ್ರಿಪ್ಟ್ ಇದೆ ಅಂತಿಟ್ಟುಕೊಳ್ಳಿ. ಅದಕ್ಕೆ ಯಾವ ಫೈಲೂ ತರಬೇಕಿಲ್ಲ. ಆದರೂ ಅದು ಸಿಎಸ್‌ಎಸ್ ಬರುವ ತನಕ ಓಡುವುದಿಲ್ಲ. ಯಾಕಂದರೆ ಆ ಸ್ಕ್ರಿಪ್ಟ್ ಯಾವುದೋ ಪೆಟ್ಟಿಗೆಯ ಅಗಲ ಎಷ್ಟು ಅಂತ ಕೇಳಬಹುದು, ಉತ್ತರ ಸಿಎಸ್‌ಎಸ್‌ನಲ್ಲಿರುತ್ತದೆ. ಸ್ಕ್ರಿಪ್ಟ್ ಓಡದೆ ಓದುವಿಕೆ ಮುಂದೆ ಹೋಗುವುದಿಲ್ಲ. ಹೀಗೆ ನಿರುಪದ್ರವಿ ಅಂತ ಕಾಣುವ ಎರಡು ಸಾಲು ಇಡೀ ಪುಟದ ಓದನ್ನೇ ತಡೆಹಿಡಿಯುತ್ತದೆ. ಕೋಡ್ ಓದಿ ಇದನ್ನು ಕಂಡುಹಿಡಿಯುವುದು ಕಷ್ಟ. ತಡ ಮಾಡಿ ನೋಡಿದರೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಈಗ ಮಾವನ ಫೋನಿನ ಸಂಗತಿ, ಆ ಎಣಿಸುವ ಸ್ಕ್ರಿಪ್ಟ್. ತಲೆಭಾಗದಲ್ಲಿ, ಡಿಫರ್ (ಪುಟ ಓದಿ ಮುಗಿದ ಮೇಲೆ ಓಡು) ಇಲ್ಲ, ಅಸಿಂಕ್ (ಬಂದಾಗ ಓಡು, ಓದು ಕಾಯುವುದು ಬೇಡ) ಇಲ್ಲ. ಬ್ರೌಸರ್ ಅಲ್ಲಿಗೆ ಬಂದ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ಬ್ರೌಸರ್‌ನಲ್ಲಿ ಮುಂದೆ ಇಣುಕಿ ನೋಡುವ ಒಂದು ಭಾಗ ಇದೆ, ಅದು ಕೆಳಗಿರುವ ಚಿತ್ರ, ಸ್ಕ್ರಿಪ್ಟ್‌ಗಳ ವಿಳಾಸ ಹುಡುಕಿ ಮೊದಲೇ ತರಿಸಿಕೊಳ್ಳುತ್ತದೆ. ಹಾಗಾಗಿ ನೆಟ್‌ವರ್ಕ್ ಪಟ್ಟಿಯಲ್ಲಿ ಎಲ್ಲವೂ ಬಂದಿರುವುದು ಕಾಣುತ್ತದೆ. ಪರದೆ ಮಾತ್ರ ಖಾಲಿ. ಕೋಷ್ಟಕದ ಸಾಲುಗಳು ಬಂದಿವೆ, ಓದಿಲ್ಲ.

ನಾವು ಅದಕ್ಕೆ ಡಿಫರ್ ಸೇರಿಸಿದೆವು. ಮತ್ತೆ 5 ಸೆಕೆಂಡ್ ತಡ ಮಾಡಿ ನೋಡಿದೆವು. ಕೋಷ್ಟಕ ತಕ್ಷಣ ಬಂತು. ಮೂವರಿಗೂ ಸಂತೋಷವಾಯಿತು. ಆಗ ಗೆಳೆಯನೊಬ್ಬ "ಮಾರುಕಟ್ಟೆ ಆರಿಸಿ" ಅನ್ನುವ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಇಲ್ಲ. 5 ಸೆಕೆಂಡ್ ಕಳೆದ ಮೇಲೆ ಕೆಲಸ ಮಾಡಿತು. ಕಾರಣ, ಡಿಫರ್ ಹಾಕಿದ ಸ್ಕ್ರಿಪ್ಟ್‌ಗಳು ಪುಟದಲ್ಲಿ ಬರೆದ ಕ್ರಮದಲ್ಲೇ ಓಡಬೇಕು. ಎಣಿಸುವ ಸ್ಕ್ರಿಪ್ಟ್ ಮೊದಲು ಬರೆದಿತ್ತು, ಗುಂಡಿಯ ಸ್ಕ್ರಿಪ್ಟ್ ಅದರ ಹಿಂದೆ. ಮುಂದಿನವನು ಬರದೆ ಹಿಂದಿನವನಿಗೆ ದಾರಿ ಇಲ್ಲ. ಕಣ್ಣಿಗೆ ಪುಟ ಸಿದ್ಧವಾಗಿದೆ, ಕೈಗೆ ಸಿದ್ಧವಾಗಿಲ್ಲ. ನನ್ನ ಪ್ರಕಾರ ಇದು ಬಿಳಿ ಪರದೆಗಿಂತ ಕೆಟ್ಟದ್ದು. ಬಿಳಿ ಪರದೆ ನೋಡಿದವರು ಕಾಯುತ್ತಾರೆ. ಗುಂಡಿ ಒತ್ತಿ ಏನೂ ಆಗದಿದ್ದರೆ ತಮಗೇ ಬಳಸಲು ಬರುವುದಿಲ್ಲ ಅಂದುಕೊಳ್ಳುತ್ತಾರೆ.

ಎಣಿಕೆಗೆ ಅಸಿಂಕ್ ಹಾಕಿದ ಮೇಲೆ ಇದು ಸರಿಹೋಯಿತು. ಅಸಿಂಕ್ ಯಾರನ್ನೂ ಕಾಯಿಸುವುದಿಲ್ಲ, ಯಾರಿಗೂ ಕಾಯುವುದಿಲ್ಲ. ಒಂದೇ ಒಂದು ಉಳಿಯಿತು: ಪುಟದ ಲೋಡ್ ಮುಗಿಯಿತು ಅನ್ನುವ ಘಟನೆ ಅಸಿಂಕ್ ಸ್ಕ್ರಿಪ್ಟ್‌ಗಾಗಿಯೂ ಕಾಯುತ್ತದೆ. ನಿಮ್ಮ ಕೋಡ್ ಆ ಘಟನೆಗೆ ಯಾವುದನ್ನಾದರೂ ಕಟ್ಟಿಹಾಕಿದ್ದರೆ ಅದನ್ನು ಬಿಚ್ಚಬೇಕು. ನಾವು ಒಂದು ಕಡೆ ಕಟ್ಟಿದ್ದೆವು, ಬಿಚ್ಚಿದೆವು.

ಫಾಂಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕಂದರೆ ಕನ್ನಡದ ಪುಟ ಮಾಡುವ ನಮಗೆ ಇದು ಬೇರೆಯವರಿಗಿಂತ ಜಾಸ್ತಿ ಕಾಡುತ್ತದೆ.

ನಮ್ಮ ಲಿಪಿ ಕಂಪ್ಯೂಟರಿನಲ್ಲಿ ಹೇಗೆ ಕೂತಿದೆ ನೋಡಿ. "ಅಡಿಕೆ" ಅಂತ ಬರೆದರೆ ಕಣ್ಣಿಗೆ 3 ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 5 ಸಂಕೇತ: ಅ, ಡ, ಗುಡಿಸು, ಕ, ಏತ್ವ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 15. ಇದರಿಂದ ಪುಟ ಭಾರವಾಗುತ್ತದೆ ಅಂತ ಹೆದರಬೇಕಿಲ್ಲ. ಕನ್ನಡ ಸಂಕೇತಗಳ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯ ಬೈಟ್ ಎರಡೇ ಬಗೆ. ಫೈಲನ್ನು ಚಿಕ್ಕದು ಮಾಡುವ ಜಿಜಿಪ್ ಅಥವಾ ಬ್ರಾಟ್ಲಿ ಅದನ್ನು ಚೆನ್ನಾಗಿ ಹಿಂಡುತ್ತದೆ. ಹಿಂಡುವ ಸೌಲಭ್ಯ ಸರ್ವರ್‌ನಲ್ಲಿ ಚಾಲೂ ಇದೆಯಾ ಅಂತ ಮಾತ್ರ ನೋಡಿ. ಹೊಸ ಟಿಸಿಪಿ ಸಂಪರ್ಕದಲ್ಲಿ ಮೊದಲ ಸುತ್ತಿಗೆ ಬರುವುದು ಸಾಮಾನ್ಯವಾಗಿ 14 ಕೆಬಿ ಆಸುಪಾಸು. ಹಿಂಡಿದ ಧಾರಣೆ ಪುಟ ಅದರೊಳಗೇ ಹಿಡಿಸಿತು.

ಭಾರ ಇರುವುದು ಫಾಂಟ್ ಫೈಲಿನಲ್ಲಿ. ಇಂಗ್ಲಿಷ್ ಫಾಂಟನ್ನು ಬೇಕಾದ ಅಕ್ಷರ ಮಾತ್ರ ಉಳಿಸಿ ಕತ್ತರಿಸಿದ ಹಾಗೆ ಕನ್ನಡದ ಫಾಂಟನ್ನು ಕತ್ತರಿಸಲು ಆಗುವುದಿಲ್ಲ. ಒತ್ತಕ್ಷರಗಳಿಗೆ ಯೂನಿಕೋಡ್‌ನಲ್ಲಿ ಬೇರೆ ಸಂಕೇತ ಇಲ್ಲ. ಯಾವ ವ್ಯಂಜನದ ಪಕ್ಕ ಯಾವುದು ಬಂದರೆ ಯಾವ ಒತ್ತು ಅನ್ನುವ ನಿಯಮ, ಆ ಒತ್ತಿನ ಚಿತ್ರ, ಎರಡೂ ಫಾಂಟ್ ಒಳಗೇ ಇರುತ್ತವೆ. ಗಾತ್ರ ಇಳಿಸುವ ಅವಸರದಲ್ಲಿ ಆ ನಿಯಮದ ಕೋಷ್ಟಕ ಬಿಟ್ಟುಹೋದರೆ "ಬೆಟ್ಟೆ" ಹೋಗಿ "ಬೆಟ್‌ಟೆ" ಆಗುತ್ತದೆ. ಕನ್ನಡ ಓದುವವರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಈಗ ತಡದ ಪ್ರಯೋಗ. ಫಾಂಟ್ ಫೈಲನ್ನು 5 ಸೆಕೆಂಡ್ ಹಿಡಿದಿಟ್ಟೆ. ಸ್ವಾಪ್ ಹೇಳದಿದ್ದರೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಸುಮಾರು 3 ಸೆಕೆಂಡ್ ಅಕ್ಷರಗಳನ್ನು ಕಾಣದ ಹಾಗೆ ಇಡುತ್ತವೆ. ಜಾಗ ಇರುತ್ತದೆ, ಗೆರೆ ಇರುತ್ತದೆ, ಅಕ್ಷರ ಇರುವುದಿಲ್ಲ. 3 ಸೆಕೆಂಡ್ ಆದ ಮೇಲೆ ಫೋನಿನ ಸ್ವಂತ ಫಾಂಟ್‌ನಲ್ಲಿ ತೋರಿಸುತ್ತವೆ. ನಮ್ಮ ಫಾಂಟ್ ಬಂದ ಮೇಲೆ ಅದಕ್ಕೆ ಬದಲಾಯಿಸುತ್ತವೆ.

ನಾನು ಮರೆಯಲಾಗದ್ದು ಇದರ ನಂತರದ ಪ್ರಯೋಗ. ಗೂಗಲ್ ಫಾಂಟ್ಸ್‌ನಲ್ಲಿರುವ ಕನ್ನಡ ಫಾಂಟ್ ಒಂದೇ ಫೈಲಲ್ಲ. ಕನ್ನಡದ ಸಂಕೇತಗಳಿಗೆ ಒಂದು ಫೈಲ್, ಲ್ಯಾಟಿನ್ ಅಕ್ಷರಗಳಿಗೆ ಇನ್ನೊಂದು. 0ಯಿಂದ 9ರ ತನಕದ ಅಂಕಿಗಳು ಲ್ಯಾಟಿನ್ ಫೈಲಿನ ಪಾಲಿಗೆ ಬರುತ್ತವೆ. ರೂಪಾಯಿ ಚಿಹ್ನೆ ಆ ಲ್ಯಾಟಿನ್ ಫೈಲಿನ ಪಾಲಿಗೆ ಬರುವುದಿಲ್ಲ. ನಾನು ಲ್ಯಾಟಿನ್ ಫೈಲನ್ನು ಮಾತ್ರ ತಡ ಮಾಡಿದೆ. ಪರದೆ ಮೇಲೆ ರಾಶಿ ಅಂತ ಬಂತು, ಬೆಟ್ಟೆ ಅಂತ ಬಂತು, ಸರಕು, ಗೊರಬಲು, ಎಲ್ಲ ಬಂತು. ಪ್ರತಿಯೊಂದರ ಮುಂದೆ ₹ ಅಂತಲೂ ಬಂತು. ಅದರ ಪಕ್ಕ ಖಾಲಿ. ಧಾರಣೆ ನೋಡಲು ಬಂದವನಿಗೆ ಧಾರಣೆ ಒಂದು ಬಿಟ್ಟು ಉಳಿದಿದ್ದೆಲ್ಲ ಸಿಕ್ಕಿತು.

ಯಾವ ಅಂಕ, ಯಾವ ಸ್ಕೋರ್ ಇದನ್ನು ಹೇಳುತ್ತಿತ್ತು? ದೊಡ್ಡ ಭಾಗ ಪರದೆಗೆ ಬಂದಿದೆ, ಏನೂ ಎಗರಿಲ್ಲ, ಎಲ್ಲ ಹಸಿರು.

ಸ್ವಾಪ್ ಹಾಕಿ ನೋಡಿದೆವು. ಅಕ್ಷರ ಬೇಗ ಬಂತು, ಆದರೆ ಫಾಂಟ್ ಬದಲಾದಾಗ ಸಾಲುಗಳು ಕೆಳಗೆ ಜರುಗಿದವು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಕನ್ನಡ ಫಾಂಟ್‌ಗಳ ಸಾಲಿನ ಎತ್ತರ ಒಂದರಿಂದ ಒಂದಕ್ಕೆ ತುಂಬಾ ವ್ಯತ್ಯಾಸ. ಬೆಟ್ಟೆಯ ಸಾಲು ಒತ್ತಲು ಹೋದವರು ಸರಕಿನ ಸಾಲು ಒತ್ತುತ್ತಾರೆ. ಕೊನೆಗೆ ಕೋಷ್ಟಕಕ್ಕೆ ವೆಬ್ ಫಾಂಟೇ ಬೇಡ ಅಂತ ತೀರ್ಮಾನಿಸಿದೆವು. ಆಂಡ್ರಾಯ್ಡ್ ಫೋನಿನಲ್ಲಿ ನೋಟೊ ಸಾನ್ಸ್ ಕನ್ನಡ ಇದೆ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದೆ, ಆಪಲ್‌ನಲ್ಲಿ ಕನ್ನಡ ಸಂಗಮ್ ಇದೆ. ಚೆನ್ನಾಗಿಯೇ ಇವೆ. ತಲೆಬರಹಕ್ಕೆ ಮಾತ್ರ ನಮ್ಮಿಷ್ಟದ ಫಾಂಟ್ ಉಳಿಸಿಕೊಂಡೆವು, ಅದನ್ನೂ ನಮ್ಮದೇ ಸರ್ವರ್‌ಗೆ ತಂದೆವು. ಚಂದದ ಕನ್ನಡ ಫಾಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಥೆ, ಕವಿತೆ ಓದುವ ಪುಟಕ್ಕೆ ಅದು ಬೇಕೇ ಬೇಕು. ರೇಟು ನೋಡುವ ಪುಟಕ್ಕೆ ಬೇಡ.

ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ತಡವಾದರೆ ಪುಟ ನಿಲ್ಲುವುದಿಲ್ಲ. ಅಗಲ ಎತ್ತರ ಬರೆದಿಟ್ಟರೆ ಜಾಗ ಕಾದಿಟ್ಟ ಹಾಗಾಗುತ್ತದೆ, ಎಗರಾಟ ಇರುವುದಿಲ್ಲ. ಮೇಲುಗಡೆಯೇ ಕಾಣುವ ದೊಡ್ಡ ಚಿತ್ರಕ್ಕೆ ಮಾತ್ರ ಲೇಜಿ, ಅಂದರೆ ಬೇಕಾದಾಗ ತಂದರೆ ಸಾಕು, ಅಂತ ಹಾಕಬೇಡಿ. ಅದನ್ನು ನೀವೇ ತಡ ಮಾಡಿದ ಹಾಗಾಗುತ್ತದೆ.

ಇಷ್ಟು ಹೊತ್ತು ತಡದ ಬಗ್ಗೆ ಮಾತಾಡಿದೆ. ತಡ ಬೇರೆ, ಇಲ್ಲ ಅನ್ನುವುದು ಬೇರೆ. ಡೆವ್‌ಟೂಲ್ಸ್‌ನಲ್ಲಿ ಒಂದು ಫೈಲನ್ನು ಬ್ಲಾಕ್ ಮಾಡುವ ಸೌಲಭ್ಯ ಇದೆ. ತುಂಬಾ ಜನ ಅದನ್ನು ಬಳಸಿ, "ನೋಡಿ, ಈ ಸ್ಕ್ರಿಪ್ಟ್ ಬರದಿದ್ದರೂ ಪುಟ ಸರಿಯಾಗಿದೆ" ಅಂತಾರೆ. ಬ್ಲಾಕ್ ಮಾಡಿದಾಗ ಬ್ರೌಸರ್‌ಗೆ ತಕ್ಷಣ ಇಲ್ಲ ಅನ್ನುವ ಉತ್ತರ ಸಿಗುತ್ತದೆ, ಅದು ಮುಂದೆ ಹೋಗುತ್ತದೆ. ನಿಜವಾದ ತೊಂದರೆ ಕೊಡುವುದು ಇಲ್ಲ ಅನ್ನುವ ಸರ್ವರ್ ಅಲ್ಲ. ಬಾಗಿಲು ತೆಗೆದು, ಮಾತಾಡದೆ ನಿಲ್ಲಿಸಿಕೊಳ್ಳುವ ಸರ್ವರ್. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು, ನೆನಪಿದೆಯಾ? ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಉತ್ತರ ಕೊಡದ ಸರ್ವರ್ ಮುಂದೆ ಬ್ರೌಸರ್‌ನ ಪಾಡೂ ಅದೇ. ಹಾಗಾಗಿ ಎರಡನ್ನೂ ಪರೀಕ್ಷೆ ಮಾಡಬೇಕು: ಬ್ಲಾಕ್ ಮಾಡಿ ಒಮ್ಮೆ, ಉತ್ತರವೇ ಕೊಡದೆ ನಿಲ್ಲಿಸಿ ಒಮ್ಮೆ. ಪುಟಗಳನ್ನು ಪರೀಕ್ಷಿಸುವ ವೆಬ್‌ಪೇಜ್‌ಟೆಸ್ಟ್ ತಾಣದಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಯಾವ ಸರ್ವರ್ ಹೆಸರು ಕೊಡುತ್ತೀರೋ ಅದನ್ನು ಉತ್ತರ ಕೊಡದ ಒಂದು ವಿಳಾಸಕ್ಕೆ ತಿರುಗಿಸಿ, ಪುಟ ಹೇಗೆ ಕಾಣುತ್ತದೆ ಅಂತ ಪಕ್ಕಪಕ್ಕ ತೋರಿಸುತ್ತದೆ.

ಇದು ಮಲೆನಾಡಿನ ದಿಬ್ಬದ ಮೇಲೆ ಮಾತ್ರ ಆಗುವ ಸಂಗತಿಯಲ್ಲ. 2014ರ ಜನವರಿಯಲ್ಲಿ ಬ್ರಿಟನ್ನಿನ ಸ್ಕೈ ಬ್ರಾಡ್‌ಬ್ಯಾಂಡ್‌ನ ಸೋಸುವ ವ್ಯವಸ್ಥೆ ಎಷ್ಟೋ ಪುಟಗಳು ಬಳಸುವ ಜೇಕ್ವೆರಿ ಅನ್ನುವ ಸ್ಕ್ರಿಪ್ಟ್ ಸಿಗುವ ಸರ್ವರನ್ನೇ ಅಪಾಯಕಾರಿ ಅಂತ ತಪ್ಪಾಗಿ ತಡೆಯಿತು. ಆ ಸರ್ವರನ್ನು ನಂಬಿದ್ದ ಪುಟಗಳೆಲ್ಲ ಆ ಮನೆಗಳಲ್ಲಿ ಮುರಿದುಬಿದ್ದವು. ಅದಕ್ಕೂ ಮುಂಚೆ, 2013ರಲ್ಲಿ, ಬ್ರಿಟನ್ ಸರ್ಕಾರದ ಡಿಜಿಟಲ್ ವಿಭಾಗ ತನ್ನ ಪುಟಕ್ಕೆ ಬಂದವರಲ್ಲಿ ಎಷ್ಟು ಜನಕ್ಕೆ ಸ್ಕ್ರಿಪ್ಟ್ ಓಡಲಿಲ್ಲ ಅಂತ ಎಣಿಸಿತ್ತು. 1.1 ಶೇಕಡಾ. ಅದರಲ್ಲಿ ಸ್ಕ್ರಿಪ್ಟನ್ನು ತಾವೇ ಬಂದ್ ಮಾಡಿಕೊಂಡವರು, ಅಥವಾ ಅಂಥ ಬ್ರೌಸರ್ ಇದ್ದವರು, 0.2 ಶೇಕಡಾ ಮಾತ್ರ. ಉಳಿದ 0.9 ಶೇಕಡಾ ಜನಕ್ಕೆ ಸ್ಕ್ರಿಪ್ಟ್ ಓಡಬೇಕಿತ್ತು, ಓಡಲಿಲ್ಲ. ದಾರಿಯಲ್ಲಿ ಎಲ್ಲೋ ನಿಂತಿರಬಹುದು.

ಅಳತೆ ಬೇಡ ಅಂತ ನನ್ನ ವಾದ ಅಲ್ಲ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಬರಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಅನ್ನುವ ಗೂಗಲ್‌ನ ಮಾನದಂಡ ಒಳ್ಳೆಯದೇ. ಅದು ಸರಾಸರಿ ನೋಡುವುದಿಲ್ಲ, ನೂರರಲ್ಲಿ 75 ಭೇಟಿಗಳಿಗೆ ಹೀಗಿರಬೇಕು ಅನ್ನುತ್ತದೆ. ಉಳಿದ 25ರಲ್ಲಿ ನಮ್ಮ ಮಾವ ಇದ್ದಾರೆ, ಅದೇ ನನ್ನ ಚಿಂತೆ.

ಸರಾಸರಿಯ ಬಗ್ಗೆ ಯೂಟ್ಯೂಬ್‌ನಲ್ಲಿ ಕೆಲಸ ಮಾಡಿದ್ದ ಕ್ರಿಸ್ ಝಕರಾಯಸ್ 2012ರಲ್ಲಿ ಬರೆದ ಒಂದು ಅನುಭವ ಇದೆ. ವಿಡಿಯೋ ಪುಟ 1.2 ಎಂಬಿ ಇತ್ತು. ಅವರು ಕಷ್ಟಪಟ್ಟು 98 ಕೆಬಿಗೆ ಇಳಿಸಿದರು. ಬಿಟ್ಟು ನೋಡಿದರೆ ಪುಟ ತೆರೆಯುವ ಸರಾಸರಿ ಸಮಯ ಜಾಸ್ತಿಯಾಗಿತ್ತು! ಲೆಕ್ಕ ಬಿಡಿಸಿ ನೋಡಿದಾಗ ತಿಳಿಯಿತು: ಆಗ್ನೇಯ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ, ಸೈಬೀರಿಯಾದ ಜನ ಹೊಸದಾಗಿ ಬಂದಿದ್ದರು. ಹಳೆಯ ಪುಟ ಅವರಿಗೆ 20 ನಿಮಿಷ ಹಿಡಿಯುತ್ತಿತ್ತು, ಹಾಗಾಗಿ ಅವರು ಲೆಕ್ಕದಲ್ಲೇ ಇರಲಿಲ್ಲ. ಹೊಸ ಪುಟ 2 ನಿಮಿಷದಲ್ಲಿ ತೆರೆಯಿತು, ಅವರು ಲೆಕ್ಕಕ್ಕೆ ಬಂದರು. ಕಾದು ಕಾದು ಬಿಟ್ಟುಹೋದವರು ನಮ್ಮ ಅಂಕಿಅಂಶದಲ್ಲಿ ಕಾಣುವುದಿಲ್ಲ. ನಮ್ಮ ಪುಟದಲ್ಲಂತೂ ಎಣಿಸುವ ಸ್ಕ್ರಿಪ್ಟ್ ಬರುವ ಮೊದಲೇ ಹೋದವರನ್ನು ಆ ಸ್ಕ್ರಿಪ್ಟ್ ಹೇಗೆ ಎಣಿಸೀತು?

ಕೊನೆಗೆ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: "ಎಷ್ಟು ಸೆಕೆಂಡ್ ತಡ ಮಾಡಬೇಕು? ಯಾವ ಸಂಖ್ಯೆ ಸರಿ?"

ನಾನು ಮೂರು ಸಲ ಮಾಡುತ್ತೇನೆ. ಮೊದಲು 1 ಸೆಕೆಂಡ್. ಇದು ದಿನಾ ಆಗುವ ತಡ. ಆಮೇಲೆ 5 ಸೆಕೆಂಡ್. ಫಾಂಟಿನ 3 ಸೆಕೆಂಡ್ ಗಡುವು ದಾಟುವುದರಿಂದ ಮರೆಯಾದ ಅಕ್ಷರ, ಬದಲಾದ ಅಕ್ಷರ ಎರಡೂ ಕಾಣುತ್ತದೆ, ಕಣ್ಣಿಗೆ ನೋಡಲು ಸಮಯವೂ ಸಿಗುತ್ತದೆ. ಕೊನೆಗೆ ಬರಲೇಬೇಡ ಅಂತ ನಿಲ್ಲಿಸುತ್ತೇನೆ. ಎಂದೂ ಬಾರದ ಫೈಲ್. ಮೂರರಲ್ಲಿ ಒಂದನ್ನೇ ಮಾಡಲು ಸಮಯ ಇದ್ದರೆ ಕೊನೆಯದನ್ನು ಮಾಡಿ.

ಇನ್ನೊಬ್ಬರು ಕೇಳಿದರು: "ಇಷ್ಟೆಲ್ಲ ಪ್ರತಿ ಸಲ ಕೈಯಲ್ಲಿ ಮಾಡುವುದು ಆಗುತ್ತಾ?"

ಆಗುವುದಿಲ್ಲ, ಅದನ್ನು ಯಂತ್ರಕ್ಕೆ ವಹಿಸಿದ್ದೇವೆ. ಪುಟ ಬದಲಾದಾಗಲೆಲ್ಲ ಪ್ಲೇರೈಟ್ ಬೇರೆ ಸರ್ವರ್‌ನಿಂದ ಬರುವ ಒಂದೊಂದೇ ಫೈಲನ್ನು ನಿಲ್ಲಿಸಿ ಪುಟ ತೆರೆಯುತ್ತದೆ. 3 ಸೆಕೆಂಡ್ ಕಾಯುತ್ತದೆ. "ಮಾರುಕಟ್ಟೆ ಆರಿಸಿ" ಒತ್ತುತ್ತದೆ, ಪಟ್ಟಿ ತೆರೆಯಿತಾ ನೋಡುತ್ತದೆ. ಎರಡು ಕಡೆ ನಾವು ಎಡವಿದ್ದನ್ನು ಹೇಳಿಬಿಡುತ್ತೇನೆ. ಪುಟ ತೆರೆ ಅಂದರೆ ಪ್ಲೇರೈಟ್ ಲೋಡ್ ಪೂರ್ತಿ ಮುಗಿಯುವ ತನಕ ಕಾಯುತ್ತದೆ. ನಿಲ್ಲಿಸಿದ ಫೈಲಿನಿಂದಾಗಿ ಅದು ಮುಗಿಯುವುದೇ ಇಲ್ಲ. ಮೊದಲ ಉತ್ತರ ಬಂದ ಕೂಡಲೇ ಮುಂದೆ ಹೋಗು ಅಂತ ಹೇಳಬೇಕು. ಎರಡನೆಯದು, ಅಂಕಿ ಕಾಣುತ್ತಿದೆಯಾ ಅಂತ ಕೇಳಿದರೆ ಕಾಣುತ್ತಿದೆ ಅನ್ನುತ್ತದೆ, ಫಾಂಟ್ ಬಾರದೆ ಖಾಲಿ ಇದ್ದಾಗಲೂ. ಪೆಟ್ಟಿಗೆಗೆ ಅಗಲ ಎತ್ತರ ಇದ್ದರೆ ಅದಕ್ಕೆ ಸಾಕು. ಸ್ಕ್ರೀನ್‌ಶಾಟ್ ಕೇಳಿದರೆ ಫಾಂಟ್ ಬರುವ ತನಕ ಕಾಯುತ್ತದೆ. ಹಾಗಾಗಿ ವಿಡಿಯೋ ತೆಗೆಸುತ್ತೇವೆ. ಅದನ್ನು ನಾವೇ ಕಣ್ಣಾರೆ ನೋಡುತ್ತೇವೆ. ಒಂದೊಂದು ಹತ್ತು ಸೆಕೆಂಡಿನದ್ದು, ಹೆಚ್ಚು ಹೊತ್ತೇನೂ ಆಗುವುದಿಲ್ಲ.

ಮೊನ್ನೆ ಮಾವ ಫೋನ್ ಮಾಡಿದ್ದರು. ಪುಟದ ಬಗ್ಗೆ ಮಾತೇ ಬರಲಿಲ್ಲ. "ರಾಶಿ ನೋಡಿದೆಯಾ? ಇನ್ನೊಂದು ವಾರ ಕಾಯಲೋ, ಈಗಲೇ ಮಂಡಿಗೆ ಹಾಕಲೋ?" ಅಂತ ಕೇಳಿದರು.